ವಾಲ್ವ್ ಇಲ್ಲದ ರಕ್ತನಾಳ

ನನ್ನ ಹೆಂಡತಿ ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನತೊಡಗಿದಾಗ ನನಗೆ ಹೆದರಿಕೆ ಶುರುವಾಯಿತು. ಕೇಳಿದವರಿಗೆ ಇದು ಚೇಷ್ಟೆಯ ಮಾತು ಅನ್ನಿಸಬಹುದು. ಆದರೆ ನಮ್ಮ ಮದುವೆಯಾದಂದಿನಿಂದ ಆಕೆ ನನ್ನ ಮಾತನ್ನು ಒಂದೇ ಸಲಕ್ಕೆ ಒಪ್ಪಿಕೊಂಡ ನೆನಪು ನನಗಿಲ್ಲ. ಮಳೆ ಬರುತ್ತದೆ ಅಂದರೆ ಬರುವುದಿಲ್ಲ ಅನ್ನುವಳು. ಎಣ್ಣೆಗಾಯಿ ಪಲ್ಯ ಛಲೋ ಆಗಿದೆ ಅಂದರೂ ಬಿಡುತ್ತಿರಲಿಲ್ಲ. "ನಿಮ್ಮ ನಾಲಿಗಿಗೆ ಏನ್ ತಿಳಿತೈತಿ? ಉಪ್ಪ ಕಡಿಮಿ ಆಗೇತಿ" ಎಂದು ಹೊಗಳಿದವನ ಮೇಲೆಯೇ ತಿರುಗಿಬೀಳುವಳು. ನಮಗೆ ಮಕ್ಕಳಿಲ್ಲ. ಕಮರಿಪೇಟೆಯ ಆ ಮನೆಯಲ್ಲಿ ಸದ್ದು ಅಂತ ಇದ್ದದ್ದು ನಮ್ಮಿಬ್ಬರ ಜಗಳದ್ದೇ, ಅಕ್ಕಪಕ್ಕದವರು ಅದಕ್ಕೆ ಹೊಂದಿಕೊಂಡುಬಿಟ್ಟಿದ್ದರು.

ಹುಬ್ಬಳ್ಳಿಯಲ್ಲಿ ನನ್ನದು ಬೋರ್‌ವೆಲ್ ಮೋಟರು, ಪೈಪು, ವಾಲ್ವ್ ಮಾರುವ ಅಂಗಡಿ. ಮಧ್ಯಾಹ್ನ ಆಕೆಯೇ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು, ಬಂದಮೇಲೆ ಗಿರಾಕಿಗಳೊಂದಿಗೂ ಒಂದು ಕೈ ನೋಡುತ್ತಿದ್ದಳು. ಅವತ್ತು ಬೇಸಿಗೆ, ಫ್ಯಾನು ಬಿಸಿ ಗಾಳಿಯನ್ನೇ ಸುರಿಯುತ್ತಿತ್ತು. ಆಕೆಯನ್ನು ಕೆಣಕಲೆಂದೇ, "ಸಾಕಾತು ಮಾರಾಯ್ತಿ, ಈ ಅಂಗಡಿ ಮಾರಿಬಿಡ್ತೇನಿ" ಅಂದೆ. "ಹೂಂರಿ" ಅಂದಳು. ಮುಂದಿನದು ಬರಲಿ ಎಂದು ರೊಟ್ಟಿ ಕೈಯಲ್ಲಿ ಹಿಡಿದು ಕಾದೆ. ಏನೂ ಬರಲಿಲ್ಲ. ಆಕೆ ಎದುರಿನ ಪೈಪಿನ ರಾಶಿಯನ್ನು ನೋಡುತ್ತ ಕೂತಿದ್ದಳು.

ಆಮೇಲೆ ಒಂದೊಂದೇ ಕಾಣತೊಡಗಿದವು. ಒಲೆ ಹಚ್ಚದೆ ಹೆಂಚಿನ ಮೇಲೆ ರೊಟ್ಟಿ ಹಾಕಿ ಅದು ಉಬ್ಬುವುದನ್ನು ಕಾಯುತ್ತಿದ್ದಳು. ಹಗಲೆಲ್ಲ ನಿದ್ದೆ, ಕತ್ತಲಾದ ಮೇಲೆ ಎಚ್ಚರ. ಹೆಸರು ಹೇಳಲು ಹೋಗಿ ಅರ್ಧಕ್ಕೇ ನಿಲ್ಲುವಳು. ಬಹಳ ದಿನದಿಂದ ಸಕ್ಕರೆ ಕಾಯಿಲೆ ಇತ್ತು, ಅದರದೇ ಏನೋ ಇರಬೇಕೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಆಕೆಯ ಎರಡೂ ಕೈ ಮುಂದಕ್ಕೆ ಚಾಚಿಸಿ, ಬಸ್ಸು ನಿಲ್ಲಿಸುವವರ ಹಾಗೆ ಅಂಗೈ ಎತ್ತಿ ಹಿಡಿಯಲು ಹೇಳಿದರು. ಕೈಗಳು ನಿಲ್ಲಲಿಲ್ಲ. ತಾವಾಗಿಯೇ ಪಟ್‌ಪಟ್ ಅಂತ ಕೆಳಗೆ ಬೀಳುವುದು, ಮತ್ತೆ ಏಳುವುದು. ಆಕೆ ತನ್ನ ಕೈಗಳನ್ನು ತಾನೇ ನೋಡಿ ನಕ್ಕಳು. 

ರಕ್ತ ಪರೀಕ್ಷೆ, ಅದು ಇದು ಎಲ್ಲ ಆಗಿ, ಲಿವರ್ ಗಟ್ಟಿಯಾಗಿಬಿಟ್ಟಿದೆ ಎಂದು ಗೊತ್ತಾಯಿತು. ಬಹಳ ದಿನದ ಸಕ್ಕರೆ ಕಾಯಿಲೆಯಿಂದಲೂ ಹೀಗಾಗುತ್ತದಂತೆ. ಲಿವರ್ ಅಂದ ಕೂಡಲೇ ನಮ್ಮ ಜನ ಕುಡಿತವೊಂದನ್ನೇ ಬಲ್ಲರು. ಕುಂಕುಮ, ವಿಭೂತಿ ಹಚ್ಚಿಕೊಂಡ ಹೆಂಗಸಿನ ಮೇಲೆ ಹಾಗೆ ಅನುಮಾನ ಪಡಲಾಗದೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಕುಡಿದು ಆಕೆಯ ಲಿವರ್ ಕೆಡಿಸಿದೆ ಅನ್ನುವ ಹಾಗೆ. ಸಿಟ್ಟು ಮೂಗಿನ ಮೇಲೇ ಇರುವ ಮನುಷ್ಯ ನಾನು. ಒಂದಿಬ್ಬರಿಗೆ ಬೈದೂಬಿಟ್ಟೆ.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಮೈಯ ಬೇರೆ ಕಡೆಯ ರಕ್ತವೆಲ್ಲ ನೇರ ಹೃದಯಕ್ಕೆ ವಾಪಸ್ಸು ಹೋಗುತ್ತದಂತೆ. ಹೊಟ್ಟೆ, ಕರುಳು, ಗುಲ್ಮದ ರಕ್ತಕ್ಕೆ ಮಾತ್ರ ಆ ಸಲುಗೆ ಇಲ್ಲ. ಅದೆಲ್ಲ ಒಂದು ದಪ್ಪ ರಕ್ತನಾಳದಲ್ಲಿ ಕೂಡಿಕೊಂಡು ಮೊದಲು ಲಿವರಿಗೆ ಹೋಗಬೇಕು. ಆ ನಾಳದ ಹೆಸರು ಪೋರ್ಟಲ್ ವೇನ್. ನಾವು ತಿಂದದ್ದರ ಒಳ್ಳೆಯದು ಕೆಟ್ಟದ್ದು ಎಲ್ಲ ಅದರಲ್ಲೇ ಬರುತ್ತದೆ, ಲಿವರ್ ಅದನ್ನು ಸೋಸಿ ಮುಂದೆ ಬಿಡುತ್ತದೆ. ಆರಾಮ ಇರುವವರಲ್ಲಿ ಆ ಹರಿವು ನಿಲ್ಲುವುದೇ ಇಲ್ಲ. ಉಸಿರಿನ ಜೊತೆ ತುಸು ಏರಿಳಿದು ಸಮನಾಗಿ ಮುಂದಕ್ಕೆ ಹೋಗುತ್ತಿರುತ್ತದೆ. ಲಿವರ್ ಗಟ್ಟಿಯಾದರೆ ಒಳಗೆ ಹೋಗಲು ಜಾಗವಿಲ್ಲ. ಹರಿವು ನಿಧಾನವಾಗುತ್ತದೆ, ಒತ್ತಡ ಏರುತ್ತದೆ, ರಕ್ತ ಅಡ್ಡದಾರಿ ಹುಡುಕುತ್ತದೆ. ಕೆಲವರಲ್ಲಿ ಅಡ್ಡದಾರಿ ಎಷ್ಟು ದೊಡ್ಡದಾಗುತ್ತದೆಂದರೆ ಲಿವರಿನ ಬಾಗಿಲವರೆಗೆ ಬಂದ ರಕ್ತ ಕೂಡ ಹಿಂದಕ್ಕೆ ತಿರುಗಿ ಅತ್ತಲೇ ಹೊರಟುಬಿಡುತ್ತದೆ. ಸೋಸದ ರಕ್ತ ತಲೆಗೆ ಏರುತ್ತದೆ. ಮನುಷ್ಯ ಕೂತಲ್ಲೇ ಕೂತಿದ್ದರೂ ಮಂಕಾಗಿಬಿಡುತ್ತಾನೆ.

ನನಗೆ ತಿಳಿದದ್ದು ಒಂದೇ ವಿದ್ಯೆ, ಅದನ್ನೇ ಕೇಳಿದೆ. "ಅಲ್ರಿ ಸಾಹೇಬ್ರ, ಅದಕ್ಕ ನಾನ್-ರಿಟರ್ನ್ ವಾಲ್ವ್ ಇರೂದಿಲ್ಲೇನ್ರಿ?"

ಡಾಕ್ಟರು ನಕ್ಕರು. "ಕಾಲಿನ ನರದಾಗ ಅದಾವ ನೋಡ್ರಿ. ಇದರಾಗ ಇಲ್ಲ."

ಎಂಥ ಸಿಟ್ಟು ಬಂತೆಂದರೆ ಹೇಳತೀರದು. ಕೊಳವೆಬಾವಿಗೆ ಮೋಟರು ಇಳಿಸುವ ಯಾವ ರೈತನನ್ನೂ ನಾನು ವಾಲ್ವ್ ಇಲ್ಲದೆ ಕಳಿಸಿದವನಲ್ಲ. ನೀರು ಹಿಂದಕ್ಕೆ ಬಿದ್ದರೆ ಮೋಟರು ಕೆಡುತ್ತದೆ ಎಂದು ಕೊಳ್ಳಲು ಒಲ್ಲದವರಿಗೂ ಕೈಗಿಟ್ಟು ಕಳಿಸುತ್ತೇನೆ. ಮನುಷ್ಯನ ಹೊಟ್ಟೆಯನ್ನು ಇಷ್ಟು ಹುಷಾರಿನಿಂದ ಮಾಡಿದಾತನಿಗೆ ಒಂದು ವಾಲ್ವ್ ಭಾರವಾಯಿತೇ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಗೊಣಗಿದೆ. ಸ್ಕೂಟರಿನ ಹಿಂದೆ ಕೂತ ಆಕೆ "ಹೂಂರಿ" ಅಂದಳು. ಮೊದಲಾಗಿದ್ದರೆ ದೇವರ ಕಡೆ ವಕೀಲಿಕೆಗೆ ನಿಂತುಬಿಡುತ್ತಿದ್ದಳು.

ಡಾಕ್ಟರು ಒಂದು ದಾರಿಯನ್ನೂ ಹೇಳಿದ್ದರು. ದೊಡ್ಡ ಅಡ್ಡದಾರಿಯೊಂದು ಇರುವುದು ಖಚಿತವಾದರೆ ತೊಡೆಯ ರಕ್ತನಾಳದಿಂದ ತಂತಿ ಹಾಯಿಸಿ, ಆ ದಾರಿಗೆ ಬೂಚು ಜಡಿದು, ರಕ್ತವನ್ನು ಮತ್ತೆ ಲಿವರಿನ ಕಡೆ ಹೊರಳಿಸಲು ಬರುತ್ತದೆ. ಮಂಕು ಹರಿಯಬಹುದು. ಒತ್ತಡ ಏರಿ ಬೇರೆ ಕಡೆ ರಕ್ತ ಒಡೆಯುವ ಅಪಾಯವೂ ಉಂಟು, ಸುಮ್ಮಸುಮ್ಮನೆ ಮಾಡುವ ಕೆಲಸವಲ್ಲ. ಅದಕ್ಕೆ ಮೊದಲು ರಕ್ತ ಯಾವ ಕಡೆ ಹರಿಯುತ್ತಿದೆ ಎಂದು ಡಾಪ್ಲರ್ ಸ್ಕ್ಯಾನ್ ಮಾಡಿ ನೋಡಬೇಕು. ಬರೀ ಹೊಟ್ಟೆಯಲ್ಲಿ ಬರಬೇಕು.

ಆ ಹೊತ್ತಿಗೆ ಶಿರಗುಪ್ಪಿಯಿಂದ ಅತ್ತೆ ಬಂದಿದ್ದರು. ನನ್ನ ಹೆಂಡತಿಯ ತಾಯಿ. ಮಗಳ ಸೇವೆಗೆಂದು ಒಂದು ಕೈಚೀಲ, ತಮ್ಮ ಪೂಜೆಯ ಸಾಮಾನು ಹಿಡಿದುಕೊಂಡು ಬಂದವರು ಅಡುಗೆಮನೆ, ಮಗಳು, ನಾನು ಮೂವರನ್ನೂ ಕೈಗೆ ತೆಗೆದುಕೊಂಡರು. ಅಳಿಯನಾದ ನನ್ನನ್ನು ರೀ ಹಚ್ಚಿಯೇ ಮಾತಾಡಿಸುವರು, ರೀ ಹಚ್ಚಿಯೇ ಗದರಿಸುವರು. ಬೆಳಗ್ಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಮಗಳ ಅಂಗೈಯಲ್ಲಿ ಲಿಂಗ ಇಟ್ಟು, ತಾವೂ ಜೊತೆಗೆ ಕೂತು ಪೂಜೆ ಮಾಡಿಸುವರು. ಆಕೆ ಮಂತ್ರ ಮರೆತಾಗ ತಾವು ಹೇಳುವರು. ಪೂಜೆಯಾದ ಮೇಲೆ ಲಿಂಗಕ್ಕೆ ಎಡೆ ತೋರಿಸಿ ಮಗಳ ಬಾಯಿಗೆ ಪ್ರಸಾದ ಹಾಕುವರು. ಅದಿಲ್ಲದೆ ಹೊಸ್ತಿಲು ದಾಟುವ ಪದ್ಧತಿ ಅವರ ಮನೆತನದಲ್ಲೇ ಇರಲಿಲ್ಲ.

ಸ್ಕ್ಯಾನ್ ಇದ್ದದ್ದು ಶ್ರಾವಣ ಸೋಮವಾರ. ನಂಬರು ಹಚ್ಚಲು ನಾನು ಮುಂಚೆಯೇ ಹೋಗಿದ್ದೆ. ತಾಯಿ ಮಗಳು ಆಮೇಲೆ ಆಟೋ ಹಿಡಿದು ಬಂದರು. ಒಳಗೆ ಕರೆದ ಹುಡುಗಿ "ಏನರೆ ತಿಂದಾರೇನ್ರಿ?" ಎಂದು ಕೇಳಿದಳು. ಅತ್ತೆ ಎದೆ ಮುಟ್ಟಿಕೊಂಡು, "ಇಲ್ಲವಾ, ಏನೂ ತಿಂದಿಲ್ಲ. ಪೂಜಿ ಮುಗಿಸಿ ಹಂಗ ಬಂದೇವಿ" ಅಂದರು.

ಕತ್ತಲು ಮಾಡಿದ ಕೋಣೆಯಲ್ಲಿ ಆಕೆಯ ತಲೆಯ ಹತ್ತಿರ ನಾನು ನಿಂತಿದ್ದೆ. ಸ್ಕ್ಯಾನ್ ಮಾಡುವ ಡಾಕ್ಟರು ಪಕ್ಕೆಲುಬಿನ ಕೆಳಗೆ ತಣ್ಣನೆಯ ಜೆಲ್ಲಿ ಸವರಿ, "ಉಸಿರು ಹಿಡೀರಿ" ಅಂದರು. "ಹೂಂರಿ" ಎಂದು ಆಕೆ ಉಸಿರಾಡುತ್ತಲೇ ಇದ್ದಳು. ಪರದೆಯ ಬೂದುಬಣ್ಣದ ನಡುವೆ ಒಂದು ಕೆಂಪು ಪಟ್ಟೆ ಹೊಳೆಯಿತು. ಕೆಂಪು ಅಂದರೆ ಲಿವರಿನ ಕಡೆ, ನೀಲಿ ಅಂದರೆ ಹಿಂದಕ್ಕೆ ಎಂದು ಅವರೇ ಹೇಳಿದರು. ಒಂದು ಗುಂಡಿ ಒತ್ತಿದಾಗ ಅದರ ಸದ್ದೂ ಕೇಳಿಸಿತು. ಕಿಟಕಿಯ ಸಂದಿನಲ್ಲಿ ಗಾಳಿ ಹೋಗುವಂಥ ಸದ್ದು. ನನ್ನ ಹೆಂಡತಿಯಿಂದ ಎಷ್ಟೋ ದಿನಕ್ಕೆ ಹೂಂ ಅಲ್ಲದ ಇನ್ನೊಂದು ಸದ್ದು ಬಂತಲ್ಲ ಅನ್ನಿಸಿ, ಅದನ್ನು ಇನ್ನೊಂದು ಸಲ ಕೇಳಿಸಲು ಬೇಡಿಕೊಂಡೆ. ಕೇಳಿಸಿದರು.

ಹರಿವು ಮುಂದಕ್ಕೇ ಇದೆ, ವೇಗವೂ ಅಂಥ ಕಡಿಮೆಯೇನಿಲ್ಲ, ದೊಡ್ಡ ಅಡ್ಡದಾರಿ ಇರಲಿಕ್ಕಿಲ್ಲ ಎಂದಾಯಿತು. ನಮ್ಮ ಡಾಕ್ಟರು ರಿಪೋರ್ಟು ನೋಡಿ, ಹಾಗಾದರೆ ತಂತಿಯ ಗೊಡವೆ ಬೇಡ, ಔಷಧದಲ್ಲೇ ನೋಡೋಣ ಎಂದರು. ಅತ್ತೆ ಅಲ್ಲೇ ಕೈಮುಗಿದರು. ಮನೆಗೆ ಬರುತ್ತ ಪೇಡೆ ತಂದು ಓಣಿಯಲ್ಲೆಲ್ಲ ಹಂಚಿದೆ.

ಔಷಧವೆಂದರೆ ಮುಖ್ಯವಾಗಿ ಒಂದು ಸಿಹಿ ಪಾಕ. ಹೊಟ್ಟೆಯ ಕಸವನ್ನೆಲ್ಲ ಜಾಡಿಸಿ ಹೊರಗೆ ಹಾಕಿಸುವುದು ಅದರ ಕೆಲಸ. ಚೆನ್ನಾಗಿ ಜಾಡಿಸಿದ ದಿನ ಆಕೆ ಒಂದಷ್ಟು ಹೊತ್ತು ವಾಪಸ್ಸು ಬರುತ್ತಿದ್ದಳು. ಹಾಗೆ ಒಂದು ಬೆಳಗ್ಗೆ ನಾನು ಬೂಟು ಹಾಕಿಕೊಳ್ಳುತ್ತಿದ್ದಾಗ ಹಿಂದಿನಿಂದ ಮಾತು ಬಂತು. "ರೀ, ಈ ಅಂಗಿ ಎಷ್ಟ ದಿನದಿಂದ ಹಾಕ್ಕೊಂಡೀರಿ? ವಾಸನಿ ಬರಾಕತ್ತೇತಿ." ನಾನು ಬೂಟು ಬಿಟ್ಟು ಎದ್ದು ನಿಂತೆ. ಅತ್ತೆ ಅಡುಗೆಮನೆಯಿಂದ ಓಡಿ ಬಂದರು. ನಾವಿಬ್ಬರೂ ಆಕೆಯ ಎದುರು ಜಾತ್ರೆಗೆ ಬಂದ ಮಕ್ಕಳ ಹಾಗೆ ನಿಂತಿದ್ದೆವು. ಅವತ್ತು ಅಂಗಡಿ ತೆರೆಯಲಿಲ್ಲ, ಆ ಅಂಗಿಯನ್ನೂ ಬದಲಿಸಲಿಲ್ಲ. ಇನ್ನೊಮ್ಮೆ ಬೈಯಲಿ ಎಂದು ಆಕೆಯ ಸುತ್ತಲೇ ಸುಳಿದೆ. ಊಟದ ಹೊತ್ತಿಗೆ ಕಣ್ಣಿನ ಬೆಳಕು ಮತ್ತೆ ಇಳಿದುಹೋಗಿತ್ತು.

ಆ ತಿಂಗಳುಗಳಲ್ಲಿ ನಾನು ಆಕೆಯನ್ನು ಎಷ್ಟು ಹಂಬಲಿಸಿದೆನೆಂದರೆ, ಸತ್ತವರನ್ನು ಹಂಬಲಿಸುವವರ ಮೇಲೆ ಕೂಡ ಹೊಟ್ಟೆಕಿಚ್ಚಾಗುತ್ತಿತ್ತು. ಅವರ ಎದುರಿಗೆ ಅದೇ ಮುಖ, ಅದೇ ಸೀರೆ, ಅದೇ ಬಳೆ ಬಂದು ಕೂತು ಹೂಂರಿ ಅನ್ನುವುದಿಲ್ಲವಲ್ಲ. ಬೇಕೆಂದೇ ತಪ್ಪು ಮಾತಾಡಿ ನೋಡುತ್ತಿದ್ದೆ. "ನಿಮ್ಮವ್ವನ ರೊಟ್ಟಿ ಭಾಳ ದಪ್ಪ ಬಿಡು" ಎಂದರೂ ಹೂಂರಿ. ಪಾಪ, ಮಗಳ ಪರವಾಗಿ ಅತ್ತೆಯೇ ಉತ್ತರಿಸುವರು. "ದಪ್ಪ ಆದ್ರ ಎರಡ ಕಡಿಮಿ ತಿನ್ರಿ." ಸಂಜೆ ಕಟ್ಟೆಯ ಮೇಲೆ ಕೂತು ನಾವಿಬ್ಬರೂ, ಯಾವುದೋ ಊರಿಗೆ ಹೋದವಳ ಬಗ್ಗೆ ಮಾತಾಡಿದಂತೆ, ಒಳಗೇ ಇದ್ದ ಆಕೆಯ ಬಗ್ಗೆ ಮಾತಾಡುತ್ತಿದ್ದೆವು. "ಲಗೂ ಬರ್ತಾಳ ತಗೋರಿ" ಎಂದು ಅವರು ನನಗೆ ಹೇಳುವರು. "ಒಮ್ಮೆ ನನ್ನ ಜೋಡಿ ಕುಂತು ಸರಿಯಾಗಿ ಮಾತಾಡಿಬಿಟ್ರ ಸಾಕು ನನಗ."

ಆ ಮಾತು ನಡೆಯಲಿಲ್ಲ. ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ, ಹೊಲ ನೋಡಿಕೊಂಡು ಬರುತ್ತೇನೆ ಎಂದು ಶಿರಗುಪ್ಪಿಗೆ ಹೋದ ಅತ್ತೆ ಪೂಜೆಗೆ ಕೂತಲ್ಲೇ ಒರಗಿದರು. ಹೃದಯ ನಿಂತಿತ್ತು.

ಮಣ್ಣಿಗೆ ನನ್ನ ಹೆಂಡತಿಯನ್ನೂ ಕರೆದುಕೊಂಡು ಹೋದೆ. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹೊಸ ಸೀರೆ ಉಡಿಸಿ, ಹಣೆ ತುಂಬ ವಿಭೂತಿ ಬಳಿದು, ಹೂವಿನ ಮಂಟಪದಲ್ಲಿ ಅತ್ತೆಯನ್ನು ಕೂರಿಸಿದ್ದರು. ಭಜನೆಯವರು ಹಾಡುತ್ತಿದ್ದರು. ಆಕೆ ಮಂಟಪ ನೋಡಿದಳು, ಹೂ ನೋಡಿದಳು, ನೆರೆದ ಬಂಧುಗಳನ್ನೆಲ್ಲ ನೋಡಿದಳು. ಮುಖ ಅರಳಿತು. ನನ್ನ ತೋಳು ಹಿಡಿದು, "ಯಾರ ಮದುವಿರಿ? ಎಲ್ಲಾರದೂ ಚಹಾ ಆತೇನು?" ಎಂದು ಕೇಳಿದಳು. ಹತ್ತಿರ ನಿಂತಿದ್ದ ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡರು. ನಾನು ಆಕೆಯ ಕೈ ಹಿಡಿದು ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿಸಿದೆ. ಹಾಕಿ, ಅಂಗೈ ಕೊಡವಿಕೊಂಡು, ಮನೆಗೆ ಹೋಗೋಣ ಅಂದಳು.

ಅಲ್ಲಿಂದ ಬಂದಮೇಲೆ ಇನ್ನೂ ಕೆಟ್ಟಿತು. ಡಾಕ್ಟರು ಮತ್ತೆ ಡಾಪ್ಲರ್ ಮಾಡಿಸಿದರು. ಈ ಸಲ ಮನೆಯಲ್ಲಿ ನಾವಿಬ್ಬರೇ, ಏನೂ ತಿನ್ನಿಸದೆ ನಾನೇ ಕರೆದುಕೊಂಡು ಹೋಗಿದ್ದೆ. ಅದೇ ಕೋಣೆ, ಅದೇ ಜೆಲ್ಲಿ. ಪರದೆಯ ಮೇಲೆ ಪಟ್ಟೆ ನೀಲಿಯಾಗಿತ್ತು. ಸ್ಕ್ಯಾನ್ ಡಾಕ್ಟರು ಅಲ್ಲಿ ಇಲ್ಲಿ ಒತ್ತಿ, ಗುಲ್ಮದ ಬದಿಯಲ್ಲಿ ಹಾವಿನ ಹಾಗೆ ಸುತ್ತಿಕೊಂಡಿದ್ದ ದಪ್ಪ ಅಡ್ಡದಾರಿಯನ್ನು ಹುಡುಕಿ ತೋರಿಸಿದರು. ಇದು ಇವತ್ತು ನಿನ್ನೆಯದಲ್ಲ ಎಂದರು. ಹಳೆಯ ರಿಪೋರ್ಟನ್ನು ತಿರುವಿ ನೋಡಿ ಕೇಳಿದರು.

"ಹಿಂದಕ ಮಾಡಿಸಿದಾಗ ಖರೇ ಬರೀ ಹೊಟ್ಟಿಲೆ ಬಂದಿದ್ರೇನ್ರಿ?"

"ಹೌದ್ರಿ, ಖಂಡಿತ" ಅಂದೆ ನಾನು, ಸ್ವಲ್ಪ ಸಿಟ್ಟಿನಿಂದಲೇ.

ಮಲಗಿದ್ದ ಆಕೆ ಮೇಲೆ ನೋಡುತ್ತ, ಯಾರೂ ಕೇಳದೆ, ಮೆಲ್ಲಗೆ ಹೇಳಿದಳು. "ಅವ್ವ ಪ್ರಸಾದ ಕೊಟ್ಟಿದ್ಲು. ಸಜ್ಜಕ. ಬಟ್ಟಲ ತುಂಬ. ತುಪ್ಪ ಭಾಳ ಹಾಕಿದ್ಲು."

ಶ್ರಾವಣ ಸೋಮವಾರ. ಗೋಧಿ ಸಜ್ಜಕ, ಹಾಲು, ತುಪ್ಪ. ಅತ್ತೆ ಸುಳ್ಳು ಹೇಳುವವರಲ್ಲ, ಅವತ್ತೂ ಹೇಳಿರಲಿಲ್ಲ. ಅವರ ಪಾಲಿಗೆ ಪ್ರಸಾದ ತಿನ್ನುವ ವಸ್ತುವೇ ಅಲ್ಲ. ಉಪವಾಸ ಇದ್ದವರೂ ತೆಗೆದುಕೊಳ್ಳುವಂಥದು ಅದು. ಡಾಕ್ಟರು ನಗಲಿಲ್ಲ. ಉಂಡಮೇಲೆ ಕರುಳಿನಿಂದ ಬರುವ ರಕ್ತ ಬಹಳ ಹೆಚ್ಚುತ್ತದೆ, ಆ ರಭಸಕ್ಕೆ ಅರೆಮನಸ್ಸಿನ ಹರಿವು ಕೆಲ ಹೊತ್ತು ಮುಂದಕ್ಕೆ ನುಗ್ಗಿರಬಹುದು, ಹಸಿದ ಹೊಟ್ಟೆಯಲ್ಲೇ ಅದರ ನಿಜ ತಿಳಿಯುವುದು ಎಂದರು. ನಾನು ಮನಸ್ಸಿನಲ್ಲೇ ತಿಂಗಳು ಎಣಿಸಿದೆ. ಶ್ರಾವಣದಲ್ಲೇ ಇದು ಕಂಡಿದ್ದರೆ ದಸರೆಯೊಳಗೆ ಬೂಚು ಬೀಳುತ್ತಿತ್ತು. ತಾಯಿ ಮಗಳು ಕೂತು ಮಾತಾಡಲು ಬೇಕಾದಷ್ಟು ದಿನ ಇದ್ದವು. ಆ ದಿನಗಳನ್ನೆಲ್ಲ ಅತ್ತೆ ತಮ್ಮ ಕೈಯಾರೆ, ಅಷ್ಟು ಪ್ರೀತಿಯಿಂದ, ಬಟ್ಟಲು ತುಂಬಿ ತಿನ್ನಿಸಿಬಿಟ್ಟಿದ್ದರು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ತಂತಿಯ ಕೆಲಸ ಆಯಿತು. ಅಪಾಯದ ಕಾಗದವನ್ನು ಎರಡೆರಡು ಸಲ ಓದಿಸಿ ಕೇಳಿ ಸಹಿ ಮಾಡಿದೆ. ಎರಡನೆಯದೋ ಮೂರನೆಯದೋ ಬೆಳಗ್ಗೆ ಆಸ್ಪತ್ರೆಯ ಉಪ್ಪಿಟ್ಟನ್ನು ಬಾಯಿಗಿಟ್ಟುಕೊಂಡು, "ಇದಕ್ಕ ಉಪ್ಪಿಟ್ಟ ಅಂತ ಯಾರ ಹೆಸರಿಟ್ರು? ಉಪ್ಪ ಎಲ್ಲೈತಿ?" ಅಂದಳು. ನನಗೆ ಅಳು ತಡೆಯಲಾಗಲಿಲ್ಲ, ಮುಖ ತೊಳೆಯುವ ನೆಪದಲ್ಲಿ ಹೊರಗೆ ಹೋದೆ. ವಾಪಸ್ಸು ಬಂದಾಗ ಆಕೆ ನನ್ನ ಮೊಬೈಲು ಹಿಡಿದು ಕೂತಿದ್ದಳು.

"ಅವ್ವಗ ಫೋನ್ ಹಚ್ಚಿ ಕೊಡ್ರಿ. ಕಾಳಜಿ ಮಾಡಾಕತ್ತಿರ್ತಾಳ."

ಹೇಳಬೇಕಾಯಿತು. ಆಕೆ ಬಹಳ ಹೊತ್ತು ಹಾಸಿಗೆಯ ಮಡಿಕೆಯನ್ನು ತೀಡುತ್ತ ಕೂತಳು. "ನಾ ಹೋಗಿದ್ನೇನ್ರಿ ಮಣ್ಣಿಗೆ?" ಎಂದಳು. ಹೋಗಿದ್ದಿ ಅಂದೆ. "ಅತ್ತಿದ್ನೇನು?" ಎಂದಳು. ಭಾಳ ಅತ್ತಿದ್ದಿ ಅಂದೆ. ಅಷ್ಟು ಕೇಳಿ ತಲೆಯಾಡಿಸಿದಳು, ಆಮೇಲೆ ನಿಜವಾಗಿ ಅತ್ತಳು.

ಹುಬ್ಬಳ್ಳಿಗೆ ಬಂದ ಮೇಲೆ ಪರೀಕ್ಷೆಗೆಂದು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದೆವು. ಉಸಿರು ಹಿಡೀರಿ ಎಂದಾಗ ಹಿಡಿದಳು, ಬಿಡ್ರಿ ಎಂದಾಗ ಬಿಟ್ಟಳು. ಹರಿವು ಕೆಂಪಾಗಿ ಲಿವರಿನ ಕಡೆ ಹೋಗುತ್ತಿತ್ತು. ಗುಣವಾದ ಲಿವರೇನಲ್ಲ ಅದು, ಔಷಧ, ಪಥ್ಯ, ಹೆದರಿಕೆ ಎಲ್ಲ ಜೊತೆಗೇ ಇರುತ್ತವೆ. ಆದರೂ ಡಾಕ್ಟರು ಖುಷಿಯಿಂದ, "ಶ್ರಾವಣದಾಗ ಗೊತ್ತಾಗಿದ್ರ ಇಷ್ಟು ದಿನ ಒದ್ದಾಡೂದ ತಪ್ತಿತ್ತು ನೋಡ್ರಿ" ಅಂದುಬಿಟ್ಟರು. ಆಕೆ ಸೆರಗು ಸರಿ ಮಾಡಿಕೊಂಡು ನನ್ನ ಮುಖ ನೋಡಿದಳು.

ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಕೇಳಿದಳು. "ಶ್ರಾವಣದಾಗ ಯಾಕ ಗೊತ್ತಾಗಲಿಲ್ಲ್ರಿ?"

ನಾನೂ ಚಪ್ಪಲಿ ಬಿಡುತ್ತ ಹೇಳಿದೆ. "ಬರೀ ಹೊಟ್ಟಿಲೆ ಕರ್ಕೊಂಡ ಬಾ ಅಂದಿದ್ರು. ನಾನ ದಾರ್‍ಯಾಗ ಗಿರಮಿಟ್ಟ ತಿನಿಸಿಬಿಟ್ಟೆ. ನಂದ ತಪ್ಪು."

ನಂಬಿದಳು. ಮಂಕಿನ ದಿನಗಳದೇನೂ ಆಕೆಗೆ ನೆನಪಿರಲಿಲ್ಲ. ಗಿರಮಿಟ್ಟಿನ ಗಾಡಿ ಕಂಡಲ್ಲಿ ನಿಲ್ಲುವವನು ನಾನೇ ಎಂದು ಆಕೆಗೆ ಗೊತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿದಳು. ಅಕ್ಕಪಕ್ಕದವರು ಬಾಗಿಲಿಗೆ ಬರುವಷ್ಟು ಜೋರಾಗಿ. "ಬಾಯಿ ಚಪಲಾ ಅಂದ್ರ ಇಷ್ಟೇನ್ರಿ ನಿಮ್ಮದು? ಡಾಕ್ಟರ್ ಹೇಳಿದ್ದ ಒಂದ ಮಾತ ಲಕ್ಷ್ಯದಾಗ ಇರೂದಿಲ್ಲೇನು? ನಮ್ಮವ್ವ ಇನ್ನೂ ಇದ್ಲು. ಒಂದ ದಿನಾ ಆಕಿ ಜೋಡಿ ಕುಂತು ಮಾತಾಡ್ತಿದ್ನಲ್ರಿ ನಾ! ಒಂದ ದಿನಾ!"

ನಾನು ಇಷ್ಟು ತಿಂಗಳು ಹಂಬಲಿಸಿದ ಹೆಂಡತಿ ಇವಳೇ. ತಲೆ ತಗ್ಗಿಸಿ ಕೂತು ಅಷ್ಟನ್ನೂ ಬೈಸಿಕೊಂಡೆ. ಎದೆ ಉರಿಯುತ್ತಿತ್ತು, ಆದರೂ ನಿಲ್ಲಿಸದಿರಲಿ ಅನ್ನಿಸುತ್ತಿತ್ತು. ದಣಿದು ಕೊನೆಗೆ ಗೋಡೆಗೆ ಒರಗಿ ಕೂತಳು. ಕಣ್ಣು ಒರೆಸಿಕೊಂಡು ತನಗೆ ತಾನೇ ಹೇಳಿಕೊಂಡಳು. "ಆ ದಿನಾ ಅವ್ವ ನಮ್ಮ ಜೋಡಿ ಇರಬೇಕಾಗಿತ್ತು. ಆಕಿ ಇದ್ದಿದ್ರ ತಿನಿಸಾಕ ಬಿಡ್ತಿದ್ದಿಲ್ಲ."

"ಖರೇ ಐತಿ" ಅಂದೆ. "ಅವರಿದ್ದಿದ್ರ ಬಿಡ್ತಿದ್ದಿಲ್ಲ."